ಉತ್ತರ ತಿದ್ದುವ ಯಂತ್ರಗಳ ಕಥೆ

ಹೊರನಾಡಿನಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಮೊಬೈಲಿನ ಮೇಲೆ ಪ್ರಶ್ನೆಗೆ ಉತ್ತರ ಒತ್ತುವುದು ಇಂದು ಹೊಸತಲ್ಲ. ಒತ್ತಿದೊಡನೆ ಅಂಕ ಬರುತ್ತದೆ. ಆದರೆ ತಾನು ಎಲ್ಲಿ ಎಡವಿದೆನೆಂಬುದು ಮಗುವಿಗೆ ತಿಳಿಯಿತೆ? ಈ ಪ್ರಶ್ನೆಯೇನೂ ನಿನ್ನೆ ಮೊನ್ನೆಯದಲ್ಲ.

1920ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಸಿಡ್ನಿ ಪ್ರೆಸ್ಸಿ ಎಂಬವರು ನಾಲ್ಕು ಗುಂಡಿಗಳ ಪುಟ್ಟ ಯಂತ್ರವೊಂದನ್ನು ಮಾಡಿದರು. ವಿದ್ಯಾರ್ಥಿ ಗುಂಡಿ ಒತ್ತಿದರೆ ಯಂತ್ರವೇ ಸರಿಯುತ್ತರಗಳನ್ನು ಎಣಿಸುತ್ತಿತ್ತು. ಅದರಲ್ಲೊಂದು ಸನ್ನೆಕೋಲಿತ್ತು. ಅದನ್ನು ಬದಲಿಸಿದರೆ, ಸರಿಯುತ್ತರ ಒತ್ತುವ ತನಕ ಮುಂದಿನ ಪ್ರಶ್ನೆ ಬಾರದು! ಅಳೆಯುವ ಯಂತ್ರವೇ ಹೀಗೆ ಕಲಿಸುವ ಯಂತ್ರವೂ ಆಯಿತು. 1953ರಲ್ಲಿ ಇನ್ನೊಬ್ಬ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ತಮ್ಮ ಮಗಳ ಗಣಿತದ ತರಗತಿಗೆ ಹೋಗಿದ್ದರು. ಮಾಡಿದ ಲೆಕ್ಕ ಸರಿಯೋ ತಪ್ಪೋ ಎಂಬುದು ಮಕ್ಕಳಿಗೆ ಒಡನೆಯೇ ತಿಳಿಯುತ್ತಿರಲಿಲ್ಲ. ಅದನ್ನು ಕಂಡ ಅವರು ತಮ್ಮದೇ ಬೋಧನಾ ಯಂತ್ರವನ್ನು ರೂಪಿಸಿದರು.

ಇವೆಲ್ಲ ಒಬ್ಬೊಬ್ಬರಿಗೆ ಒಂದೊಂದು ಪೆಟ್ಟಿಗೆ. ತರಗತಿಯನ್ನೇ ಒಂದು ಜಾಲಕ್ಕೆ ಜೋಡಿಸಿದ್ದು 1960ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಆರಂಭವಾದ 'ಪ್ಲೇಟೋ'. ಅದರ ಮುಂದಾಳು ಡೊನಾಲ್ಡ್ ಬಿಟ್ಜರ್ ಎಂಬ ವಿದ್ಯುತ್ ಎಂಜಿನಿಯರ್. ಮೊದಲು ಒಬ್ಬನೇ ವಿದ್ಯಾರ್ಥಿ ಬಳಸಬಹುದಾಗಿದ್ದ ಈ ವ್ಯವಸ್ಥೆ, 1970ರ ದಶಕದ ನಡುವಿಗೆ ಸುಮಾರು 150 ಸ್ಥಳಗಳಿಗೆ ಹರಡಿತ್ತು. 1972ರ ಪ್ಲೇಟೋ ಪರದೆ ಕಿತ್ತಳೆ ಬಣ್ಣದ್ದು. ಬೆರಳಿನಿಂದ ಮುಟ್ಟಿಯೂ ಉತ್ತರಿಸಬಹುದಿತ್ತು.

ಯಂತ್ರಕ್ಕಿಂತ ಹಿರಿದಾದುದು ಅದರ ಪಾಠ ಬರೆಯುವ ಭಾಷೆ. 1967ರಲ್ಲಿ ಪಾಲ್ ಟೆನ್ಜರ್ ಎಂಬ ಜೀವಶಾಸ್ತ್ರದ ವಿದ್ಯಾರ್ಥಿ ರೂಪಿಸಿದ ಇದರ ಹೆಸರು 'ಟ್ಯೂಟರ್'. ಗಣಕಯಂತ್ರದ ಪಂಡಿತರಲ್ಲದ ಅಧ್ಯಾಪಕರೂ ಇದರಲ್ಲಿ ಪಾಠ ಬರೆದರು. ವಿದ್ಯಾರ್ಥಿ ತನ್ನ ಮಾತಿನಲ್ಲೇ ಉತ್ತರ ಬರೆದರೆ, ಅದು ಬರಿದೆ 'ತಪ್ಪು' ಎನ್ನದೆ, ಕಾಗುಣಿತ ತಪ್ಪಿದ ಪದವನ್ನು ಗುರುತಿಸಿ ತೋರಿಸಬಲ್ಲದಾಗಿತ್ತು. ಉತ್ತರಗಳು ಕೇಂದ್ರದ ಗಣಕದಲ್ಲಿ ಸಂಗ್ರಹವಾಗುತ್ತಿದ್ದುದರಿಂದ, ಮಕ್ಕಳು ಎಲ್ಲಿ ತೊಡರುತ್ತಿದ್ದಾರೆಂದು ನೋಡಿ ಪಾಠವನ್ನೇ ತಿದ್ದಲು ಅವಕಾಶವಿತ್ತು.

1991ರಲ್ಲಿ ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ ಇನ್ನೊಂದು ಹೆಜ್ಜೆ ಇಟ್ಟರು. ಪ್ರಶ್ನೆಗೆ ಎಲ್ಲರೂ ಮೊದಲು ತಾವಾಗಿಯೇ ಉತ್ತರಿಸಬೇಕು. ಆಮೇಲೆ ಪಕ್ಕದವರೊಡನೆ ವಾದಿಸಿ ಮತ್ತೊಮ್ಮೆ ಉತ್ತರಿಸಬೇಕು. ಗುಂಡಿ ಒತ್ತುವ ಉಪಕರಣಗಳು ಈ ಎಣಿಕೆಯನ್ನು ಮುಂದೆ ಸುಲಭವಾಗಿಸಿದವು. 2013ರಲ್ಲಿ ನಾರ್ವೆಯಿಂದ ಬಂದ 'ಕಹೂಟ್' ಇದನ್ನೇ ಆಟವಾಗಿಸಿ, ಬೇಗ ಉತ್ತರಿಸಿದವರಿಗೆ ಹೆಚ್ಚು ಅಂಕ ಕೊಟ್ಟಿತು. ಮಕ್ಕಳಿಗೆ ಉತ್ಸಾಹ ಬಂತು, ನಿಜ; ಆದರೆ ನಿಧಾನವಾಗಿ ಯೋಚಿಸುವ ಮಗು ಹಿಂದುಳಿಯಿತು.

ಈ ಇತಿಹಾಸ ನಮಗೇಕೆ? ಕನ್ನಡ ತರಗತಿಯಲ್ಲಿ ಮಗು 'ಹಳ್ಳಿ' ಎನ್ನುವುದಕ್ಕೆ 'ಹಲ್ಲಿ' ಎಂದು ಬರೆಯುತ್ತದೆನ್ನಿ. ಸೊನ್ನೆ ಕೊಡುವುದು ಒಂದು ಬಗೆಯ ಪರೀಕ್ಷೆ. 'ಪದ ನಿನಗೆ ಗೊತ್ತಿದೆ, ಳಕಾರವೊಂದು ಜಾರಿತು' ಎನ್ನುವುದು ಇನ್ನೊಂದು ಬಗೆ. ಮನೆಯ ಹೊರಗೆ ಕನ್ನಡ ಕಿವಿಗೆ ಬೀಳದ ಊರಿನಲ್ಲಿ, ಸೊನ್ನೆ ಕಂಡ ಮಗು ಭಾಷೆಯನ್ನೇ ಕೈಬಿಟ್ಟೀತು. ನಮ್ಮ ಮಕ್ಕಳಿಗಾಗಿ ಯಾರಾದರೂ ಕನ್ನಡದ ಪ್ರಶ್ನಾವಳಿ ಸಿದ್ಧಪಡಿಸುವುದಾದರೆ, ಅಂಕದ ಪಟ್ಟಿಗಿಂತ ಮೊದಲು ತಿದ್ದುವ ಬಗೆಯನ್ನು ಯೋಚಿಸಲಿ ಎಂಬುದೇ ನಮ್ಮ ಬಿನ್ನಹ.