ದಂಡಿನ ಚೆಂಡು, ಕಲ್ಕತ್ತೆಯ ಜಗಳ

ಬಣ ಕಟ್ಟಿಕೊಂಡು ವಾದ ಮಾಡುವುದನ್ನು ತುಮಕೂರು ಕಡೆಯ ಹುಳಿಯಾರು ಸೀಮೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. 1973ರಲ್ಲಿ ‘ಗಂಧದ ಗುಡಿ’ ತೆರೆಗೆ ಬಂದ ಮೇಲೆ ರಾಜ್‌ಕುಮಾರ್ ಕಡೆಯವರು, ವಿಷ್ಣುವರ್ಧನ್ ಕಡೆಯವರು ಎಂದು ಕರ್ನಾಟಕದ ಸಣ್ಣ ಊರುಗಳೆಲ್ಲ ಎರಡು ಪಾಲಾದವು. ಟಾಕೀಸಿನ ಮುಂದೆ ಹುಟ್ಟಿದ ಮಾತು ಹೋಟೆಲು, ಬಸ್‌ಸ್ಟ್ಯಾಂಡು, ಕೊಬ್ಬರಿ ಮಂಡಿಯವರೆಗೂ ಹರಿಯಿತು. ಮೈದಾನದ ಮಟ್ಟಿಗೆ ಮಾತ್ರ ಈ ತೆಂಗಿನ ನಾಡು ಕಬಡ್ಡಿ, ಕೊಕ್ಕೊ, ವಾಲಿಬಾಲಿನದು. ಹೋಬಳಿ ಮಟ್ಟದ ಕ್ರೀಡಾಕೂಟದಲ್ಲಿ ಮಕ್ಕಳು ಗೆದ್ದುಬರುವುದೂ ಈ ಆಟಗಳಲ್ಲೇ. ಚೆಂಡನ್ನು ಕಾಲಿನಿಂದ ಒದೆಯುವ ಆಟಕ್ಕೆ ಇಲ್ಲಿ ಊರಿನದೆಂಬ ತಂಡವಿರಲಿಲ್ಲ. ತಂಡವೇ ಇಲ್ಲದ ಮೇಲೆ ಬಣ ಎಲ್ಲಿಂದ ಬರಬೇಕು?

ಇಲ್ಲಿಯವರಿಗೆ ಫುಟ್‌ಬಾಲ್ ಪರಿಚಯವಾದದ್ದು ಬೆಂಗಳೂರಿಗೆ ಕೆಲಸಕ್ಕೆ ಹೋದವರಿಂದ. ಐಟಿಐ, ಎಚ್‌ಎಎಲ್, ಎಚ್‌ಎಂಟಿ ಕಾರ್ಖಾನೆ ಸೇರಿದ ಅಣ್ಣನೋ ಚಿಕ್ಕಪ್ಪನೋ ಹಬ್ಬಕ್ಕೆ ಊರಿಗೆ ಬಂದಾಗ ಕಾರ್ಖಾನೆಯ ಬಸ್ಸು, ಕ್ಯಾಂಟೀನು, ಓವರ್‌ಟೈಮಿನ ಮಾತಿನ ನಡುವೆ ಕಾರ್ಖಾನೆ ತಂಡದ ಮಾತೂ ಬರುತ್ತಿತ್ತು. ಆ ತಂಡಗಳ ಹಿಂದಿನ ಚರಿತ್ರೆ ಬೆಂಗಳೂರಿನಲ್ಲಿ ನೆಲೆಸಿದ ಕನ್ನಡಿಗರಿಗೇ ಅಷ್ಟಾಗಿ ಗೊತ್ತಿಲ್ಲ. ಇಂಡಿಯಾದ ಅತಿ ದೊಡ್ಡ ಫುಟ್‌ಬಾಲ್ ಜಗಳಕ್ಕೆ ಬೆಂಗಳೂರು ಬಹುಕಾಲ ಆಟಗಾರರನ್ನು ಒದಗಿಸಿತು. ತನ್ನದೇ ಆದ ಜಗಳ ಒಂದನ್ನು ಕಂಡದ್ದು ತೀರ ಈಚೆಗೆ.

ಬ್ರಿಟಿಷರು ಬೆಂಗಳೂರಿನಲ್ಲಿ ಕಂಟೋನ್ಮೆಂಟ್ ಕಟ್ಟಿದ್ದು 1809ರಲ್ಲಿ. ಹಳೆಯ ಪೇಟೆಯವರು ಅದನ್ನು ದಂಡು ಎಂದು ಕರೆದರು. 1881ರಲ್ಲಿ ಮೈಸೂರು ಸಂಸ್ಥಾನ ಒಡೆಯರ ಕೈಗೆ ಮರಳಿದರೂ ದಂಡಿನ ಪ್ರದೇಶ 1947ರವರೆಗೆ ಬ್ರಿಟಿಷರ ಆಡಳಿತದಲ್ಲೇ ಉಳಿಯಿತು. ಪೇಟೆಗೂ ದಂಡಿಗೂ 1949ರವರೆಗೆ ನಗರಸಭೆಗಳೇ ಬೇರೆ. ದಂಡಿನಲ್ಲಿದ್ದವರು ಗೋರಾ ಸೈನಿಕರು, ಅವರ ಚಾಕರಿಗೆಂದು ಬಂದು ನೆಲೆಸಿದ ತಮಿಳರು, ಉರ್ದು ಮಾತಾಡುವ ಮುಸ್ಲಿಮರು, ಆಂಗ್ಲೋ-ಇಂಡಿಯನ್ನರು. ಆಟವನ್ನು ತಂದವರು ಸೈನಿಕರು. ಅವರಲ್ಲಿ ಸ್ಕಾಟ್ಲೆಂಡಿನವರ ಪಾಲು ದೊಡ್ಡದು. 1888ರಲ್ಲಿ ಶಿಮ್ಲಾ ಕಡೆಯ ಬೆಟ್ಟಗಳಲ್ಲಿ ನಡೆದ ಮೊದಲ ಡ್ಯುರಾಂಡ್ ಕಪ್ ಫೈನಲಿನಲ್ಲಿ ಎದುರುಬದುರಾದ ರಾಯಲ್ ಸ್ಕಾಟ್ಸ್ ಫ್ಯುಸಿಲಿಯರ್ಸ್ ಮತ್ತು ಹೈಲ್ಯಾಂಡ್ ಲೈಟ್ ಇನ್‌ಫೆಂಟ್ರಿ ಎರಡೂ ಸ್ಕಾಟಿಷ್ ಪಲ್ಟನ್ನುಗಳೇ.

ಅದೇ ವರ್ಷ ಮೇ ತಿಂಗಳಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಸೆಲ್ಟಿಕ್ ಕ್ಲಬ್ಬು ತನ್ನ ಮೊದಲ ಪಂದ್ಯ ಆಡಿತು. ಎದುರಾಳಿ ರೇಂಜರ್ಸ್, ಫಲಿತಾಂಶ 5–2. ಹೊಟ್ಟೆಪಾಡಿಗೆ ಐರ್ಲೆಂಡಿನಿಂದ ವಲಸೆ ಬಂದ ಕ್ಯಾಥೊಲಿಕ್ ಬಡವರ ಮಕ್ಕಳಿಗೆ ಊಟ ಹಾಕಲು ಹಣ ಕೂಡಿಸಬೇಕೆಂದು ಬ್ರದರ್ ವಾಲ್‌ಫ್ರಿಡ್ ಎಂಬ ಕ್ಯಾಥೊಲಿಕ್ ಸನ್ಯಾಸಿ 1887ರಲ್ಲಿ ಕಟ್ಟಿದ ಕ್ಲಬ್ಬು ಅದು. 1872ರಲ್ಲಿ ಹುಟ್ಟಿದ್ದ ರೇಂಜರ್ಸ್ ಕ್ರಮೇಣ ಪ್ರೊಟೆಸ್ಟೆಂಟರ ಕ್ಲಬ್ಬಾಯಿತು. ಚರ್ಚು, ಕೇರಿ, ಕೆಲಸ, ಐರ್ಲೆಂಡಿನ ರಾಜಕೀಯ ಎಲ್ಲವೂ ತೊಂಬತ್ತು ನಿಮಿಷದ ಆಟದೊಳಗೆ ಹೊಕ್ಕವು. ಕಲ್ಕತ್ತೆಯಲ್ಲಿ ನಡೆದದ್ದೂ ಹೆಚ್ಚುಕಡಿಮೆ ಇದೇ. 1889ರಲ್ಲಿ ಹುಟ್ಟಿದ ಮೋಹನ್ ಬಾಗಾನ್ ಕ್ಲಬ್ಬು 1911ರಲ್ಲಿ ಈಸ್ಟ್ ಯಾರ್ಕ್‌ಷೈರ್ ಪಲ್ಟನ್ನನ್ನು ಬರಿಗಾಲಲ್ಲಿ ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದು ದೇಶಾಭಿಮಾನದ ಗುರುತಾಯಿತು. 1920ರಲ್ಲಿ ಪೂರ್ವ ಬಂಗಾಳ ಮೂಲದವರು ಈಸ್ಟ್ ಬೆಂಗಾಲ್ ಕಟ್ಟಿಕೊಂಡರು. ದೇಶ ವಿಭಜನೆಯಾದಾಗ ಮನೆಮಠ ಬಿಟ್ಟು ಗಡಿ ದಾಟಿ ಬಂದ ಲಕ್ಷಾಂತರ ಜನಕ್ಕೆ ಆ ಕ್ಲಬ್ಬೇ ಕಳೆದುಹೋದ ಊರಾಯಿತು. ಗೆದ್ದ ದಿನ ಈಸ್ಟ್ ಬೆಂಗಾಲಿನವರ ಮನೆಯಲ್ಲಿ ಹಿಲ್ಸಾ ಮೀನು, ಮೋಹನ್ ಬಾಗಾನಿನವರ ಮನೆಯಲ್ಲಿ ಸೀಗಡಿ.

ಬೆಂಗಳೂರಿನ ಹುಡುಗರು ಈ ಜಗಳದೊಳಗೆ ಕಾಲಿಟ್ಟದ್ದು ತಮ್ಮ ಊರಿನ ಹೆಸರಿನಲ್ಲಿ ಒಂದು ದೊಡ್ಡ ಕೆಲಸ ಮಾಡಿದ ಮೇಲೆ. ಬೊಂಬಾಯಿಯ ರೋವರ್ಸ್ ಕಪ್ 1891ರಲ್ಲಿ ಶುರುವಾದಂದಿನಿಂದ ಬ್ರಿಟಿಷ್ ಪಲ್ಟನ್ನುಗಳ ಸೊತ್ತಾಗಿತ್ತು. 1937ರಲ್ಲಿ ಅದನ್ನು ಮೊದಲ ಬಾರಿಗೆ ಗೆದ್ದ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಫೈನಲಿನಲ್ಲಿ ಸೋತದ್ದು ಕಲ್ಕತ್ತೆ ಲೀಗನ್ನು ವರ್ಷ ವರ್ಷವೂ ಗೆಲ್ಲುತ್ತಿದ್ದ ಮೊಹಮ್ಮದನ್ ಸ್ಪೋರ್ಟಿಂಗ್. 1938ರಲ್ಲೂ ಕಪ್ಪು ಬೆಂಗಳೂರಿಗೇ ಬಂತು. 1940ರಲ್ಲಿ ಅದೇ ಎರಡು ತಂಡ ಮತ್ತೆ ಫೈನಲಿಗೆ ಬಂದಾಗ ಮೊಹಮ್ಮದನ್ ಸೇಡು ತೀರಿಸಿಕೊಂಡಿತು. ಈ ಪೈಪೋಟಿ ಬೆಳೆದಿದ್ದರೆ ಬೆಂಗಳೂರಿನ ಫುಟ್‌ಬಾಲ್ ಚರಿತ್ರೆಯೇ ಬೇರೆಯಾಗುತ್ತಿತ್ತು. ಆದರೆ ಪೇಟೆಯ ಕನ್ನಡಿಗರಿಗೆ ಫುಟ್‌ಬಾಲ್ ದಂಡಿನವರ ಆಟವಾಗಿಯೇ ಉಳಿಯಿತು. ಮೈಸೂರು ಸೀಮೆಯ ಹಳ್ಳಿಗಳಿಗೆ ಅದರ ಸುದ್ದಿ ಮುಟ್ಟಿದ್ದೇ ಕಡಿಮೆ. ನಾಡಿನ ಕ್ರೀಡಾ ಚರಿತ್ರೆಗೆ ಇದು ನಷ್ಟವೇ ಸರಿ, ಏಕೆಂದರೆ ಆ ಹೊತ್ತಿನ ಸಾಧನೆ ಸಣ್ಣದಲ್ಲ.

1948ರ ಲಂಡನ್ ಒಲಿಂಪಿಕ್ಸ್ ಇದಕ್ಕೆ ಸಾಕ್ಷಿ. ಜುಲೈ 31ರಂದು ಇಲ್‌ಫರ್ಡಿನಲ್ಲಿ ಭಾರತ ಫ್ರಾನ್ಸಿನ ಎದುರು ಆಡಿತು. ಹೆಚ್ಚಿನವರು ಬರಿಗಾಲಲ್ಲಿದ್ದರು. ಎರಡು ಪೆನಾಲ್ಟಿ ಕಳೆದುಕೊಂಡು 1–2ರಿಂದ ಸೋತ ಆ ಪಂದ್ಯದಲ್ಲಿ ಭಾರತದ ಪರ ಬಂದ ಏಕೈಕ ಗೋಲು ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ದೇಶದ ಮೊದಲ ಗೋಲು. ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಗೋಲ್‌ಕೀಪರ್ ಕೆ.ವಿ. ವರದರಾಜ್, ಟಿ. ಷಣ್ಮುಗಂ, ಅಹಮದ್ ಖಾನ್ ಕೂಡ ಬೆಂಗಳೂರಿನ ಮೈದಾನಗಳಿಂದ ಹೋದವರೇ.

ಈ ಅಹಮದ್ ಖಾನ್ ಮರುವರ್ಷ ಈಸ್ಟ್ ಬೆಂಗಾಲ್ ಸೇರಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹಮದ್ ಖಾನ್, ಸಾಲೆ, ಈ ಐವರು ಫಾರ್ವರ್ಡ್‌ಗಳನ್ನು ಕಲ್ಕತ್ತೆಯ ಜನ ಪಂಚಪಾಂಡವರೆಂದು ಕರೆದರು. ಐವರೂ ದಕ್ಷಿಣದವರು. 1949, 1950, 1951ರಲ್ಲಿ ಈಸ್ಟ್ ಬೆಂಗಾಲ್ ಸತತವಾಗಿ ಐಎಫ್‌ಎ ಶೀಲ್ಡ್ ಗೆದ್ದಿತು. ಊರು ಕಳೆದುಕೊಂಡು ರೈಲ್ವೆ ನಿಲ್ದಾಣಗಳಲ್ಲಿ, ನಿರಾಶ್ರಿತರ ಕಾಲನಿಗಳಲ್ಲಿ ಬದುಕುತ್ತಿದ್ದ ಜನ ತಲೆಯೆತ್ತಿ ನಡೆಯುವಂತೆ ಮಾಡಿದ ಗೆಲುವುಗಳವು. ಅವರ ಭಾಷೆಯ ಗಂಧವಿಲ್ಲದೆ ಬೆಳೆದ ದಂಡಿನ ಹುಡುಗನ ಕಾಲು ಆ ಗೆಲುವಿನ ಹಿಂದಿತ್ತು. ಎದುರು ಪಾಳೆಯದಲ್ಲೂ ಬೆಂಗಳೂರಿನವರಿದ್ದರು. 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಭಾರತ ತಂಡದ ಅರುಮೈನಾಯಗಂ 1960ರ ದಶಕದಲ್ಲಿ ಮೋಹನ್ ಬಾಗಾನಿನ ಹೆಸರಾಂತ ವಿಂಗರ್. ಮುಂದೆ ಉಲಗನಾಥನ್ ಮೋಹನ್ ಬಾಗಾನಿಗೂ ಕಾರ್ಲ್‌ಟನ್ ಚಾಪ್‌ಮನ್ ಈಸ್ಟ್ ಬೆಂಗಾಲಿಗೂ ಹೋದರು. ಹೀಗೆ ಕಲ್ಕತ್ತೆಯವರು ಬಡಿದಾಡಿಕೊಂಡ ಎರಡೂ ಕಡೆ ಬೆಂಗಳೂರಿನ ದುಡಿಮೆ ಇತ್ತು.

ಆ ಬಡಿದಾಟ ಎಷ್ಟು ದೂರ ಹೋಗಬಲ್ಲದು ಎಂಬುದನ್ನು ಮರೆಯುವಂತಿಲ್ಲ. 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸಿನಲ್ಲಿ ಮೋಹನ್ ಬಾಗಾನ್–ಈಸ್ಟ್ ಬೆಂಗಾಲ್ ಪಂದ್ಯದ ನಡುವೆ ಗ್ಯಾಲರಿಯಲ್ಲಿ ಗಲಭೆಯೆದ್ದು, ಕಾಲ್ತುಳಿತಕ್ಕೆ ಸಿಕ್ಕಿ 16 ಜನ ಸತ್ತರು. ಗ್ಲಾಸ್ಗೋದ ಐಬ್ರಾಕ್ಸಿನಲ್ಲಿ 1971ರ ಜನವರಿ 2ರಂದು ಸೆಲ್ಟಿಕ್–ರೇಂಜರ್ಸ್ ಪಂದ್ಯ ಮುಗಿದು ಜನ ಮೆಟ್ಟಿಲಿಳಿಯುವಾಗ 66 ಜನ ಸತ್ತಿದ್ದರು. ಅದು ಹೊಡೆದಾಟದಿಂದ ಆದದ್ದಲ್ಲ, ಮೆಟ್ಟಿಲಿನ ನೂಕುನುಗ್ಗಲಿನಿಂದ. ಎರಡೂ ಕಡೆ ಸತ್ತವರು ಆಟ ನೋಡಲು ಬಂದ ಸಾಮಾನ್ಯರು.

ಆಟಗಾರರನ್ನು ಹೀಗೆ ಹೊರಗೆ ಕಳಿಸಿದ ಬೆಂಗಳೂರಿಗೆ ತನ್ನದೇ ಮೋಹನ್ ಬಾಗಾನ್ ಯಾಕೆ ಹುಟ್ಟಲಿಲ್ಲ? ಉತ್ತರ ಇರುವುದು ಸಂಬಳದ ಪಟ್ಟಿಯಲ್ಲಿ. ಸ್ವಾತಂತ್ರ್ಯದ ನಂತರ ಇಲ್ಲಿನ ಫುಟ್‌ಬಾಲನ್ನು ಹೊತ್ತವು ಸರ್ಕಾರಿ ಕಾರ್ಖಾನೆಗಳು ಮತ್ತು ಸೇನೆಯ ಎಂಇಜಿ, ಎಎಸ್‌ಸಿಯಂಥ ಘಟಕಗಳು. ಚೆನ್ನಾಗಿ ಆಡುವ ಹುಡುಗನಿಗೆ ಕೆಲಸ ಸಿಕ್ಕರೆ ಮನೆ ನಿಲ್ಲುತ್ತಿತ್ತು. ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರದ ಬಡ ಕುಟುಂಬಗಳಿಗೆ ಅದು ಸಣ್ಣ ವರವಲ್ಲ. ಆ ವ್ಯವಸ್ಥೆಯನ್ನು ಹಗುರವಾಗಿ ಕಾಣುವುದು ತಪ್ಪಾಗುತ್ತದೆ. ಅದರ ಫಲವೂ ಕಣ್ಣಮುಂದಿದೆ: 1977ರಲ್ಲಿ ಮೊದಲ ಫೆಡರೇಷನ್ ಕಪ್ ನಡೆದಾಗ ಎರ್ನಾಕುಲಂನ ಫೈನಲಿನಲ್ಲಿ ಮೋಹನ್ ಬಾಗಾನನ್ನು 1–0ರಿಂದ ಸೋಲಿಸಿದ್ದು ದೂರವಾಣಿನಗರದ ಐಟಿಐ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಪೆಲೆ ಆಡಿದ ನ್ಯೂಯಾರ್ಕ್ ಕಾಸ್ಮಾಸ್ ಜತೆ 2–2 ಸಮ ಮಾಡಿಕೊಂಡ ಮೋಹನ್ ಬಾಗಾನ್ ಅದು. ಟೆಲಿಫೋನ್ ತಯಾರಿಸುವ ಕಾರ್ಖಾನೆಯ ನೌಕರರು ಅವರನ್ನು ಮಣಿಸಿದ್ದರು.

ಆದರೆ ಕಾರ್ಖಾನೆಯ ತಂಡಕ್ಕೆ ಅಭಿಮಾನಿಗಳು ಕಾರ್ಖಾನೆಯವರೇ. ಐಟಿಐಗೂ ಎಚ್‌ಎಎಲ್‌ಗೂ ಪಂದ್ಯವಿದ್ದರೆ ಶಿಫ್ಟ್ ಮುಗಿಸಿ ಬಂದವರು ತಮ್ಮ ತಮ್ಮ ಕಡೆ ಕೂಗುತ್ತಿದ್ದರು, ಮರುದಿನ ಕ್ಯಾಂಟೀನಿನಲ್ಲಿ ಮಾತು ಮುಂದುವರಿಯುತ್ತಿತ್ತು. ನಿವೃತ್ತರಾಗಿ ಊರಿಗೆ ಮರಳಿದ ತಂದೆಯ ಕೈಯಿಂದ ಮಗನಿಗೆ ದಾಟಲು ಅದರಲ್ಲಿ ಏನೂ ಇರಲಿಲ್ಲ. ಈಸ್ಟ್ ಬೆಂಗಾಲಿನ ಅಭಿಮಾನ ಮನೆತನದಂತೆ ಇಳಿದುಬರುವಾಗ, ಐಟಿಐ ಅಭಿಮಾನ ಗುರುತಿನ ಚೀಟಿಯ ಜತೆಗೇ ಮುಗಿಯಿತು. 1991ರ ನಂತರ ಸರ್ಕಾರಿ ಕಾರ್ಖಾನೆಗಳು ಸೊರಗಿ ನೇಮಕಾತಿ ನಿಂತಂತೆ ತಂಡಗಳೂ ಬಡವಾದವು. ಕೊನೆಗೆ ಉಳಿದಿದ್ದ ಎಚ್‌ಎಎಲ್ ಐ-ಲೀಗಿನಲ್ಲಿ ಎರಡು ವರ್ಷ ಆಡಿ 2012ರಲ್ಲಿ ಕೆಳಗಿನ ದರ್ಜೆಗೆ ಇಳಿಯಿತು.

ರಾಜ್ಯ ತಂಡದ ಕಥೆಯಲ್ಲಿ ಮಾತ್ರ ನಿಜವಾದ ಎದುರಾಳಿ ಇದ್ದ. ಸಂತೋಷ್ ಟ್ರೋಫಿಯನ್ನು ಮೈಸೂರು ನಾಲ್ಕು ಸಲ ಗೆದ್ದಿತು: 1946–47, 1952–53, 1967–68, 1968–69. ನಾಲ್ಕೂ ಫೈನಲಿನಲ್ಲಿ ಸೋತದ್ದು ಬಂಗಾಳ. ತನ್ನ ಹುಡುಗರನ್ನು ಕರೆದುಕೊಂಡು ಹೋದ ಊರನ್ನೇ ಬೆಂಗಳೂರು ಸೋಲಿಸಿದ ಆ ನಾಲ್ಕು ಪಂದ್ಯಗಳ ಬಗ್ಗೆ ಕನ್ನಡದಲ್ಲಿ ಒಂದು ಒಳ್ಳೆಯ ಪುಸ್ತಕ ಬರಬೇಕು, ಕಂಡವರು ಇನ್ನೂ ಕೆಲವರಾದರೂ ಇರುವಾಗಲೇ ಬರಬೇಕು.

2013ರ ಜುಲೈನಲ್ಲಿ ಜೆಎಸ್‌ಡಬ್ಲ್ಯು ಸಂಸ್ಥೆ ಬೆಂಗಳೂರು ಎಫ್‌ಸಿ ಕಟ್ಟಿತು. ಮೊದಲ ವರ್ಷವೇ ಐ-ಲೀಗ್ ಗೆದ್ದಿತು. ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಮ್ಮಿನ ಪಶ್ಚಿಮದ ಗ್ಯಾಲರಿಯಲ್ಲಿ ನಿಂತು ಕೂಗುತ್ತಿದ್ದ ಹುಡುಗರು ವೆಸ್ಟ್ ಬ್ಲಾಕ್ ಬ್ಲೂಸ್ ಎಂದು ಹೆಸರಿಟ್ಟುಕೊಂಡರು. ತಂಡ ಕಂಠೀರವ ಕ್ರೀಡಾಂಗಣಕ್ಕೆ ಹೋದಾಗ ಹೆಸರೂ ಜತೆಯಲ್ಲಿ ಹೋಯಿತು. ಯಾವ ಕಾರ್ಖಾನೆಯ ಚೀಟಿಯೂ ಇಲ್ಲದ, ನಗರದ ಹೆಸರಿಗೇ ಕಟ್ಟುಬಿದ್ದ ಗುಂಪು ಅದು. ದಂಡಿನ ಮೊಮ್ಮಕ್ಕಳ ಪಕ್ಕದಲ್ಲಿ ಬಸವನಗುಡಿಯವರೂ, ಓದಲು ಕೆಲಸಕ್ಕೆ ಬಂದ ತುಮಕೂರು, ಹಾಸನದ ಕಡೆಯ ಹುಡುಗರೂ ನಿಂತದ್ದು ಇಲ್ಲೇ.

ಎದುರಾಳಿ ಸಿಕ್ಕಿದ್ದು ನೆರೆಯ ಕೇರಳದಲ್ಲಿ. 2014ರಲ್ಲಿ ಹುಟ್ಟಿದ ಕೇರಳ ಬ್ಲಾಸ್ಟರ್ಸಿನ ಹಳದಿ ಅಂಗಿಯ ಅಭಿಮಾನಿ ಪಡೆ ಮಂಜಪ್ಪಡ. ಇಂಡಿಯನ್ ಸೂಪರ್ ಲೀಗಿನಲ್ಲಿ (ಐಎಸ್‌ಎಲ್) ಎರಡೂ ತಂಡ ಮೊದಲು ಎದುರಾದದ್ದು 2017ರ ಡಿಸೆಂಬರ್ 31ರಂದು, ಕೊಚ್ಚಿಯಲ್ಲಿ. ಬೆಂಗಳೂರು 3–1ರಿಂದ ಗೆದ್ದಿತು. ಈ ಪೈಪೋಟಿಗೆ ಗ್ಲಾಸ್ಗೋದಂತೆ ಧರ್ಮದ ಬೇರಿಲ್ಲ, ಕಲ್ಕತ್ತೆಯಂತೆ ವಿಭಜನೆಯ ಗಾಯವಿಲ್ಲ. ಆದರೂ ಬಿಸಿ ಕಡಿಮೆಯಲ್ಲ. ಬೆಂಗಳೂರಿನಲ್ಲಿ ಮಲಯಾಳಿಗಳು ದೊಡ್ಡ ಸಂಖ್ಯೆಯಲ್ಲಿದ್ದಾರೆ, ಅದರಿಂದ ಕಂಠೀರವದಲ್ಲೇ ಒಂದು ಕಡೆ ಹಳದಿ ತುಂಬಿಕೊಳ್ಳುತ್ತದೆ. ಈ ಊರಿನ ಅನ್ನ ಉಂಡು ಆ ಊರಿಗೆ ಕೂಗುವುದೇ ಎಂದು ಒಬ್ಬರು, ಹುಟ್ಟಿದ ನೆಲದ ತಂಡಕ್ಕೆ ಕೂಗಿದರೆ ತಪ್ಪೇನು ಎಂದು ಇನ್ನೊಬ್ಬರು. ಊರು ಬಿಟ್ಟು ಬೆಂಗಳೂರು ಸೇರಿದ ಯಾವ ಹುಳಿಯಾರಿನವನಿಗೂ ಎರಡನೆಯ ಮಾತು ಅರ್ಥವಾಗುತ್ತದೆ. ಅದರ ಕಡೆಗೇ ನ್ಯಾಯ ಹೆಚ್ಚಿದೆ ಎನ್ನಬೇಕು.

2023ರ ಮಾರ್ಚ್ 3ರಂದು ಕಂಠೀರವದಲ್ಲಿ ನಡೆದ ನಾಕ್‌ಔಟ್ ಪಂದ್ಯ ಈ ವಾದಕ್ಕೆ ತುಪ್ಪ ಸುರಿಯಿತು. ತೊಂಬತ್ತು ನಿಮಿಷ ಗೋಲಿಲ್ಲ. ಹೆಚ್ಚುವರಿ ಅವಧಿಯಲ್ಲಿ ಸಿಕ್ಕ ಫ್ರೀ ಕಿಕ್ಕನ್ನು ಎದುರಾಳಿಗಳು ಗೋಡೆ ಕಟ್ಟಿಕೊಳ್ಳುವ ಮೊದಲೇ ಬೆಂಗಳೂರಿನ ಸುನಿಲ್ ಛೆಟ್ರಿ ಗೋಲಿಗೆ ಹೊಡೆದರು. ರೆಫರಿ ಗೋಲು ಕೊಟ್ಟರು. ಕೇರಳದ ಕೋಚ್ ಇವಾನ್ ವುಕೊಮನೊವಿಚ್ ತಮ್ಮ ಆಟಗಾರರನ್ನು ಮೈದಾನದಿಂದ ಹೊರಗೆ ಕರೆದುಕೊಂಡು ನಡೆದರು. ಪಂದ್ಯ ಬೆಂಗಳೂರಿನ ಪಾಲಾಯಿತು, ಕೋಚ್‌ಗೆ 10 ಪಂದ್ಯದ ನಿಷೇಧ, ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ ಬಿತ್ತು. ಹೊಡೆತ ಮೊದಲೋ ಸೀಟಿ ಮೊದಲೋ, ನಿಯಮ ದೊಡ್ಡದೋ ಆಟದ ಮರ್ಯಾದೆ ದೊಡ್ಡದೋ ಎಂಬ ತರ್ಕ ಎರಡೂ ರಾಜ್ಯಗಳಲ್ಲಿ ಇನ್ನೂ ತಣ್ಣಗಾಗಿಲ್ಲ.

ಮರುದಿನ, ಮಾರ್ಚ್ 4ರಂದು, ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಿತು. ರಾಜ್ಯಕ್ಕೆ ಅದು ಐದನೆಯ ಕಿರೀಟ, ಕರ್ನಾಟಕವೆಂಬ ಹೆಸರಿನಲ್ಲಿ ಮೊದಲನೆಯದು. ಗೋಲು ಹೊಡೆದವರು ಸುನಿಲ್ ಕುಮಾರ್, ಬೇಕಿ ಓರಾಂ, ರಾಬಿನ್ ಯಾದವ್. ಒಂದು ಕಾಲಕ್ಕೆ ಷಣ್ಮುಗಂ, ರಾಮನ್, ಅಹಮದ್ ಖಾನರು ಮೈಸೂರಿನವರಾದಂತೆಯೇ ಈ ಹುಡುಗರೂ ಕರ್ನಾಟಕದವರು. ಛೆಟ್ರಿಯ ಫ್ರೀ ಕಿಕ್ಕಿನ ಗದ್ದಲದಲ್ಲಿ ಆ ವಾರ ಅವರ ಹೆಸರು ಬೆಂಗಳೂರಿನ ಅಭಿಮಾನಿಗಳ ಬಾಯಲ್ಲಿ ಬರಬೇಕಾದಷ್ಟು ಬರಲಿಲ್ಲ.