ಇರುಳನ್ನು ತುಂಡರಿಸುವ ಬೆಳಕು: ಚಿಕ್ಕಬಳ್ಳಾಪುರ ಸೀಮೆಯ ಸೇವಂತಿಗೆ ತಾಕಿಗೆ ಎಲ್‌ಇಡಿ ದೀಪದ ಆಯ್ಕೆ

ಸಾರಾಂಶ

ಚಿಕ್ಕಬಳ್ಳಾಪುರ ಜಿಲ್ಲೆಯ ಸೇವಂತಿಗೆ ಬೆಳೆಗಾರರು ರಾತ್ರಿ ಹೊತ್ತು ತಾಕಿನ ಮೇಲೆ ಎಲ್‌ಇಡಿ ಬಲ್ಬುಗಳನ್ನು ಉರಿಸಿ ಹೂವನ್ನು ಹಬ್ಬದ ಕಾಲಕ್ಕೆ ಹೊಂದಿಸಿಕೊಳ್ಳುತ್ತಾರೆ. ಇದಕ್ಕೆ ಎಂಥ ದೀಪ ಬೇಕು, ಎಷ್ಟು ಬೇಕು, ಯಾವ ಹೊತ್ತಿನಲ್ಲಿ ಬೇಕು ಎಂಬ ಪ್ರಶ್ನೆಗಳನ್ನು ಸಸ್ಯಶಾಸ್ತ್ರದ ನೆಲೆಯಲ್ಲಿ ಈ ಲೇಖನ ಪರಿಶೀಲಿಸುತ್ತದೆ. ದೀಪವನ್ನು ಆಯ್ದುಕೊಳ್ಳಬೇಕಾದದ್ದು ವ್ಯಾಟ್ ನೋಡಿಯೂ ಅಲ್ಲ, ನಮ್ಮ ಕಣ್ಣಿಗೆ ಕಾಣುವ ಪ್ರಖರತೆಯಿಂದಲೂ ಅಲ್ಲ. ಎಲೆಯೊಳಗಿನ ವರ್ಣದ್ರವ್ಯಕ್ಕೆ ತಾಕುವ ಬೆಳಕಿನಿಂದ ಎಂಬುದು ಇಲ್ಲಿನ ವಾದ.

1. ಪೀಠಿಕೆ

2007ರಲ್ಲಿ ಕೋಲಾರದಿಂದ ಬೇರ್ಪಟ್ಟ ಚಿಕ್ಕಬಳ್ಳಾಪುರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರಿನ ರೈತರು ನಂಬಿರುವುದು ಆಳದ ಕೊಳವೆಬಾವಿಯನ್ನು. ಸಿಗುವ ಅಲ್ಪ ನೀರಿನಲ್ಲಿ ಹೆಚ್ಚು ಆದಾಯ ತೆಗೆಯಲೇಬೇಕಾದ ಈ ನೆಲದಲ್ಲಿ ರೇಷ್ಮೆ, ತರಕಾರಿ, ಹೂವು ಬೇರೂರಿದ್ದು ಸಹಜ. ಆದರೆ ಹೂವಿನ ಬೆಲೆ ಹಬ್ಬದೊಡನೆ ಏರುತ್ತದೆ, ಹಬ್ಬ ಕಳೆದ ಮರುದಿನವೇ ಇಳಿಯುತ್ತದೆ. ಆದ್ದರಿಂದ ಕಟಾವಿನ ವಾರವನ್ನು ಕೈಯಲ್ಲಿ ಹಿಡಿದುಕೊಳ್ಳುವ ಯಾವುದೇ ವಿದ್ಯೆ ಇಲ್ಲಿನ ಸಣ್ಣ ಹಿಡುವಳಿದಾರನ ಪಾಲಿಗೆ ಜೀವನದ ಪ್ರಶ್ನೆ.

2. ಗಿಡ ಎಣಿಸುವುದು ಇರುಳನ್ನು

ಹಗಲಿನ ಉದ್ದಕ್ಕೂ ಹೂ ಬಿಡುವುದಕ್ಕೂ ಇರುವ ನಂಟನ್ನು ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ 1920ರಲ್ಲಿ ಪ್ರಕಟಿಸಿದರು. ಗಿಡ ನಿಜವಾಗಿ ಅಳೆಯುವುದು ಎಡೆಬಿಡದ ಕತ್ತಲೆಯನ್ನು ಎಂದು 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ತೋರಿಸಿದರು. ದೀರ್ಘವಾದ ಇರುಳಿನ ನಡುವೆ ಸ್ವಲ್ಪ ಹೊತ್ತು ಬೆಳಕು ಬಿದ್ದರೂ ಗಿಡದ ಎಣಿಕೆ ಮುರಿದು ಬೀಳುತ್ತದೆ.

ಈ ತತ್ತ್ವ ನಮ್ಮ ರೈತರಿಗೆ ಅಪರಿಚಿತವೇನಲ್ಲ. ನಾಟಿ ಅವರೆಯನ್ನು ಬೇಗ ಬಿತ್ತಿದರೆ ಬಳ್ಳಿ ಹಬ್ಬುತ್ತದೆಯೇ ಹೊರತು ಹೂ ಬಿಡುವುದು ಹಗಲು ಕಿರಿದಾದ ಮೇಲೆಯೇ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3 ಮತ್ತು 4 ತಳಿಗಳು ಈ ಕಟ್ಟಿನಿಂದ ಬಿಡಿಸಿಕೊಂಡವು. ಅದಕ್ಕೇ ಅವು ಎಲ್ಲ ಕಾಲಕ್ಕೂ ಬರುತ್ತವೆ. ಸೇವಂತಿಗೆ ಈ ವಿಷಯದಲ್ಲಿ ನಾಟಿ ಅವರೆಯ ಪಂಗಡದ್ದು. ಬಹುತೇಕ ತಳಿಗಳು ಹಗಲು ಸುಮಾರು ಹದಿಮೂರೂವರೆ ಗಂಟೆಗಿಂತ ಕಿರಿದಾಗಿದ್ದಾಗ ಮೊಗ್ಗನ್ನು ಬೆಳೆಸುತ್ತವೆ.

ಚಿಕ್ಕಬಳ್ಳಾಪುರ ಇರುವುದು 13.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಜೂನ್‌ನ ಅತಿ ದೀರ್ಘ ಹಗಲು 12 ಗಂಟೆ 54 ನಿಮಿಷದಷ್ಟು, ಡಿಸೆಂಬರ್‌ನ ಅತಿ ಕಿರಿದಾದ ಹಗಲು 11 ಗಂಟೆ 20 ನಿಮಿಷದಷ್ಟು. ಅಂದರೆ ಹೆಚ್ಚುಕಡಿಮೆ ವರ್ಷದುದ್ದಕ್ಕೂ ಈ ಸೀಮೆಯ ಹಗಲು ಸೇವಂತಿಗೆಯನ್ನು ಹೂವಿನ ಕಡೆಗೇ ನೂಕುತ್ತದೆ. ಹಾಲೆಂಡಿನಂಥ ಉತ್ತರದ ದೇಶಗಳಲ್ಲಿ ಬೇಸಿಗೆಯ ದೀರ್ಘ ಹಗಲನ್ನು ಮೊಟಕುಗೊಳಿಸಲು ಬೆಳೆಗಾರರು ಕಪ್ಪು ಪರದೆ ಎಳೆಯುತ್ತಾರೆ. ನಮ್ಮಲ್ಲಿ ಕೊರತೆ ಇರುವುದೇ ದೀರ್ಘ ಹಗಲಿಗೆ. ಎಳೆಯ ಸಸಿ ಮೈತುಂಬಿ ಕವಲೊಡೆಯುವ ಮೊದಲೇ ಮೊಗ್ಗು ಕಟ್ಟಿದರೆ ಗಿಡ ಗಿಡ್ಡವಾಗಿ ಇಳುವರಿ ಕುಸಿಯುತ್ತದೆ. ನಾಟಿಯ ನಂತರದ ನಾಲ್ಕರಿಂದ ಆರು ವಾರ ದೀಪ ಉರಿಸುವುದು ಈ ಕೊರತೆಯನ್ನು ತುಂಬುವುದಕ್ಕೆ.

3. ಯಾವ ಬಣ್ಣದ ಬೆಳಕು?

ಇರುಳನ್ನು ಅಳೆಯುವ ವರ್ಣದ್ರವ್ಯ ಫೈಟೊಕ್ರೋಮ್. ಅದು 660 ನ್ಯಾನೊಮೀಟರ್ ಆಸುಪಾಸಿನ ಕೆಂಪು ಬೆಳಕನ್ನು ಹೀರಿ ಚುರುಕಾಗುತ್ತದೆ; 730 ನ್ಯಾನೊಮೀಟರಿನ ಕಡುಗೆಂಪಿನಲ್ಲಿ ಮತ್ತೆ ಮೊದಲಿನ ಸ್ಥಿತಿಗೆ ಮರಳುತ್ತದೆ. ಸೇವಂತಿಗೆಯಲ್ಲೇ ಈ ಹಿಂದುಮುಂದಿನ ಆಟವನ್ನು ಕ್ಯಾಥಿ ಮತ್ತು ಬೋರ್ತ್‌ವಿಕ್ 1957ರಲ್ಲಿ ಸಾಬೀತುಪಡಿಸಿದರು. ಇರುಳಿನ ನಡುವೆ ಬೆಳಕು ಬಿದ್ದಾಗ ಎಲೆಯಲ್ಲಿ ಹೂವನ್ನು ತಡೆಯುವ ಪ್ರೋಟೀನು ಹುಟ್ಟಿ ಕುಡಿಗೆ ಸಾಗುತ್ತದೆ ಎಂದು ಜಪಾನಿನ ಹಿಗುಚಿ ಮತ್ತು ಸಂಗಡಿಗರು 2013ರಲ್ಲಿ ಕಂಡುಕೊಂಡರು.

ಇದರ ವಿರುದ್ಧ ತುದಿಯ ಉದಾಹರಣೆ ಮನೆಯ ಅಕ್ವೇರಿಯಂನಲ್ಲಿ ಸಾಕುವ ಹವಳ. ಸಮುದ್ರದ ನೀರು ಮೊದಲ ಕೆಲವು ಮೀಟರುಗಳಲ್ಲೇ ಕೆಂಪನ್ನು ನುಂಗಿಬಿಡುವುದರಿಂದ ಹವಳದೊಳಗಿನ ಸೂಕ್ಷ್ಮ ಪಾಚಿ ನೀಲಿ ಬೆಳಕಿಗೆ ಒಗ್ಗಿಕೊಂಡಿದೆ. ಅಲ್ಲಿ ಬೆಳಕೇ ಆಹಾರ. ಆದ್ದರಿಂದ ನೀಲಿ ಪ್ರಧಾನವಾದ ಪ್ರಖರ ಎಲ್‌ಇಡಿ ಬೇಕು. ಸೇವಂತಿಗೆಗೆ ಆಹಾರ ಹಗಲಿನ ಸೂರ್ಯನಿಂದಲೇ ಸಿಕ್ಕಿರುತ್ತದೆ. ರಾತ್ರಿಯ ದೀಪ ಬರೀ ಸೂಚನೆ. ಅದಕ್ಕೆ ಬೇಕಾದ ಬೆಳಕು ನಡುಹಗಲ ಬಿಸಿಲಿನ ಸಾವಿರದ ಒಂದು ಪಾಲಿನಷ್ಟು ಮಾತ್ರ.

ಬಯಲಿನ ಬಿಸಿಲು ಕಂಡ ಗಿಡಕ್ಕೆ ನಡುರಾತ್ರಿಯ ನೀಲಿ ಬೆಳಕಿನ ಪರಿಣಾಮ ತೀರಾ ಕಡಿಮೆ. ಹಾಗಾಗಿ ‘ಗ್ರೋ ಲೈಟ್’ ಹೆಸರಿನ ನೇರಳೆ ದೀಪಕ್ಕೆ ಹೆಚ್ಚು ಹಣ ತೆರುವ ಅಗತ್ಯವಿಲ್ಲ. 6500 ಕೆಲ್ವಿನ್‌ನ ಹಾಲುಬಿಳಿ ಬಲ್ಬಿಗಿಂತ 2700ರಿಂದ 3000 ಕೆಲ್ವಿನ್‌ನ ವಾರ್ಮ್ ವೈಟ್ ಬಲ್ಬಿನಲ್ಲಿ ಕೆಂಪಿನ ಪಾಲು ಹೆಚ್ಚು. ಅದು ಎಲ್ಲ ಅಂಗಡಿಗಳಲ್ಲೂ ಸಿಗುತ್ತದೆ. ನೀಲಿ ಕಡಿಮೆಯಿರುವುದರಿಂದ ಪತಂಗಗಳ ಸೆಳೆತವೂ ಕಡಿಮೆ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಲುಮೆನ್ ಮತ್ತು ಲಕ್ಸ್ ಮನುಷ್ಯನ ಕಣ್ಣಿನ ಅಳತೆಗಳು. ನಮ್ಮ ಕಣ್ಣು 555 ನ್ಯಾನೊಮೀಟರಿನ ಹಸಿರು-ಹಳದಿಗೆ ಸ್ಪಂದಿಸುವಷ್ಟರ ಶೇ 6ರಷ್ಟು ಮಾತ್ರ 660ರ ಕೆಂಪಿಗೆ ಸ್ಪಂದಿಸುತ್ತದೆ. ಕೆಂಪು ದೀಪ ನಮಗೆ ಮಂಕಾಗಿ ಕಂಡರೂ ಗಿಡಕ್ಕೆ ಮಂಕಲ್ಲ.

4. ಎಷ್ಟು, ಯಾವ ಹೊತ್ತು?

ಬಿಳಿ ದೀಪವಾದರೆ ಎಲೆಯ ಮಟ್ಟದಲ್ಲಿ ಸುಮಾರು 100 ಲಕ್ಸ್, ರಾತ್ರಿ ಹತ್ತರಿಂದ ಎರಡರವರೆಗೆ ನಾಲ್ಕು ಗಂಟೆ ಎಂಬುದು ಬಹುಕಾಲದ ಶಿಫಾರಸು. 900 ಲುಮೆನ್‌ನ 9 ವ್ಯಾಟ್ ಬಲ್ಬನ್ನು ಮೂರು ಮೀಟರಿಗೊಂದರಂತೆ ಕಟ್ಟಿದರೆ ಸರಾಸರಿ 100 ಲಕ್ಸ್ ಆಗುತ್ತದೆ. ಎಕರೆಗೆ 450 ಬಲ್ಬು, ಒಟ್ಟು ನಾಲ್ಕು ಕಿಲೋವ್ಯಾಟ್, ಒಂದು ರಾತ್ರಿಗೆ 16 ಯೂನಿಟ್. ಹಳೆಯ 60 ವ್ಯಾಟ್ ಬುರುಡೆ ದೀಪಗಳನ್ನು ಇಷ್ಟೇ ಸಂಖ್ಯೆಯಲ್ಲಿ ಕಟ್ಟಿದರೆ 108 ಯೂನಿಟ್ ಬೇಕಾಗುತ್ತಿತ್ತು.

ಆದರೆ ಸರಾಸರಿ ಮೋಸ ಮಾಡುತ್ತದೆ. ಬಲ್ಬು ಎಲೆಗಳಿಂದ ಒಂದೂವರೆ ಮೀಟರ್ ಎತ್ತರದಲ್ಲಿದ್ದರೆ ನೇರ ಕೆಳಗೆ 125 ಲಕ್ಸ್‌ಗೂ ಹೆಚ್ಚು ಬೀಳುತ್ತದೆ. ನಾಲ್ಕು ಬಲ್ಬುಗಳ ನಟ್ಟನಡುವೆ ಅದರ ಅರ್ಧವೂ ಸಿಗುವುದಿಲ್ಲ. ತಾಕಿನ ಅಂಚಿನ ಸಾಲಿಗೆ ಬೆಳಕು ಬೀಳುವುದು ಒಂದೇ ಮಗ್ಗುಲಿಂದ. ಬಲ್ಬೊಂದು ಸುಟ್ಟುಹೋದ ಜಾಗದಲ್ಲಿ ಸಸಿಗಳು ಉಳಿದವುಗಳಿಗಿಂತ ಮೊದಲೇ ಮೊಗ್ಗು ಕಟ್ಟುತ್ತವೆ. ಅನುಮಾನ ಬಂದರೆ ಅಂಥ ಗಿಡದ ಕುಡಿಯನ್ನು ಚಿವುಟಿ, ಎಳೆ ಎಲೆಗಳನ್ನು ಒಂದೊಂದಾಗಿ ಬಿಡಿಸಿ, ನಡುವಿನ ತುದಿಯನ್ನು ಭೂತಗನ್ನಡಿಯಲ್ಲಿ ನೋಡಬೇಕು. ಬೆಳಕು ಸಾಕಾಗಿದ್ದರೆ ಅಲ್ಲಿರುವುದು ಎಲೆಯ ಮೊಳಕೆಗಳ ನಡುವಿನ ಪುಟ್ಟ ಚುಕ್ಕೆ. ಸಾಲದಿದ್ದರೆ ಆ ತುದಿ ಅಗಲವಾಗಿ ಉಬ್ಬಿ ಗುಮ್ಮಟವಾಗಿರುತ್ತದೆ. ಆದ್ದರಿಂದ ಬಲ್ಬಿನ ವ್ಯಾಟ್ ಏರಿಸುವುದಕ್ಕಿಂತ ಅಂತರ ತಗ್ಗಿಸುವುದು, ಅಂಚಿಗೊಂದು ಸಾಲು ಹೆಚ್ಚಿಗೆ ಕಟ್ಟುವುದು ಮೇಲು.

ಉಳಿತಾಯಕ್ಕೆ ಇನ್ನೊಂದು ದಾರಿಯಿದೆ. ಬೆಳಕನ್ನು ಸತತವಾಗಿ ಕೊಡದೆ ಬಿಟ್ಟುಬಿಟ್ಟು ಕೊಟ್ಟರೂ ಸೇವಂತಿಗೆ ಹೂವನ್ನು ತಡೆಹಿಡಿಯುತ್ತದೆ ಎಂಬುದು 1960ರ ದಶಕದಿಂದಲೂ ತಿಳಿದ ಸಂಗತಿ. ಟೈಮರ್ ಇಟ್ಟು ಅರ್ಧ ಗಂಟೆಗೆ ಆರು ನಿಮಿಷದಂತೆ ಉರಿಸಿದರೆ ಐದನೇ ಒಂದು ಪಾಲು ವಿದ್ಯುತ್ ಸಾಕು. ನಮ್ಮ ತಳಿಗಳಲ್ಲಿ ಇದನ್ನು ಮೊದಲು ಸಣ್ಣ ಪಟ್ಟೆಯಲ್ಲಿ ಪರೀಕ್ಷಿಸಿ ನೋಡುವುದು ಒಳ್ಳೆಯದು.

ದೀಪ ಆರಿಸುವ ದಿನವೇ ಹಬ್ಬದ ಲೆಕ್ಕದ ಕೀಲಿ. ದೀಪ ಆರಿಸಿದ ಎಂಟು ವಾರಕ್ಕೆ ಅರಳುವ ತಳಿಯ ಹೂ ಅಕ್ಟೋಬರ್ 31ಕ್ಕೆ ಬೇಕಿದ್ದರೆ ಸೆಪ್ಟೆಂಬರ್ 5ಕ್ಕೆ ದೀಪ ನಿಲ್ಲಿಸಬೇಕು.

5. ನೆರೆಹೊಲದ ಹೊಣೆ

ಬೆಳಕು ಬದು ದಾಟುತ್ತದೆ. ಪಕ್ಕದಲ್ಲಿ ನಾಟಿ ಅವರೆಯೋ ರಾಗಿಯೋ ಇದ್ದರೆ ಅವೂ ಕಿರುಹಗಲಿನ ಬೆಳೆಗಳೇ. ಅಂಚಿನ ಸಾಲುಗಳಲ್ಲಿ ಹೂವು, ತೆನೆ ತಡವಾಗಬಹುದು. ಬಲ್ಬಿನ ಹೊರಮಗ್ಗುಲಿಗೆ ಮರೆ ಕಟ್ಟುವುದು ನೆರೆಯವರಿಗೆ ಸಲ್ಲಬೇಕಾದ ನ್ಯಾಯ. ಒದ್ದೆ ನೆಲದ ಮೇಲೆ ವೈರ್ ಎಳೆಯುವಾಗ ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ ಸ್ವಿಚ್ಚು ಕಡ್ಡಾಯವಾಗಿ ಇರಲಿ.

6. ಉಪಸಂಹಾರ

ವಾರ್ಮ್ ವೈಟ್ ಬಲ್ಬು, ಹತ್ತಿರದ ಅಂತರ, ನಡುರಾತ್ರಿಯ ಹೊತ್ತು, ತಳಿಗೆ ತಕ್ಕ ದೀಪ ಆರಿಸುವ ದಿನಾಂಕ: ಇವಿಷ್ಟು ಈ ಚರ್ಚೆಯ ನಿಲುವು. ಇದರಲ್ಲಿ ಮೊದಲ ಮೂರಕ್ಕೆ ಶಾಸ್ತ್ರದ ಆಧಾರ ಗಟ್ಟಿಯಾಗಿದೆ. ನಾಲ್ಕನೆಯದನ್ನು ಮಾತ್ರ ಈ ಮಣ್ಣಿನಲ್ಲೇ, ಈ ತಳಿಗಳಲ್ಲೇ ಅಳೆಯಬೇಕು. ಚಿಂತಾಮಣಿ ತಾಲ್ಲೂಕಿನ ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರ ಬೆಳೆಗಾರರ ತಾಕುಗಳಲ್ಲೇ ಪ್ರಯೋಗ ಇಟ್ಟು, ದೀಪ ಆರಿಸಿದ ದಿನ ಮತ್ತು ಮೊದಲ ಕಟಾವಿನ ದಿನವನ್ನು ತಳಿವಾರು ದಾಖಲಿಸಿ ಕನ್ನಡದಲ್ಲಿ ಪ್ರಕಟಿಸಲಿ ಎಂಬುದು ನಮ್ಮ ವಿನಂತಿ.