ಹದಿಹರೆಯದ ವಿವೇಕ: ಅರಿವು ಬೇರೆ, ತಡೆ ಬೇರೆ

ಮನುಷ್ಯನು ತನ್ನ ಕೃತ್ಯಕ್ಕೆ ಹೊಣೆಗಾರನಾಗುವ ವಯಸ್ಸು ಯಾವುದು? 1860ರ ಭಾರತೀಯ ದಂಡ ಸಂಹಿತೆ ಇದಕ್ಕೆ ಖಚಿತ ಉತ್ತರವನ್ನಿತ್ತಿತ್ತು. 7 ವರ್ಷದೊಳಗಿನ ಮಗುವಿನ ಕೃತ್ಯ ಅಪರಾಧವಲ್ಲ. 7ರಿಂದ 12ರೊಳಗಿನ ಮಗುವಿಗೆ ಕೃತ್ಯದ ಸ್ವರೂಪ, ಪರಿಣಾಮಗಳನ್ನು ಅರಿಯುವಷ್ಟು ಬುದ್ಧಿ ಬಲಿತಿರದಿದ್ದರೆ ಅದಕ್ಕೂ ವಿನಾಯಿತಿ. 2024ರಲ್ಲಿ ಜಾರಿಗೆ ಬಂದ ನ್ಯಾಯ ಸಂಹಿತೆಯೂ ಈ ಮೇರೆಗಳನ್ನು ಉಳಿಸಿಕೊಂಡಿದೆ. ಅಳತೆಗೋಲು ಒಂದೇ: ಬಲ್ಲನೋ, ಇಲ್ಲವೋ.

ಮನಶ್ಶಾಸ್ತ್ರವೂ ಬಹುಕಾಲ ಇದೇ ಹಾದಿಯಲ್ಲಿ ನಡೆಯಿತು. ಲಾರೆನ್ಸ್ ಕೋಲ್‌ಬರ್ಗ್ 1958ರ ತಮ್ಮ ಷಿಕಾಗೋ ಪ್ರಬಂಧಕ್ಕಾಗಿ 10ರಿಂದ 16 ವಯಸ್ಸಿನ ಬಾಲಕರ ಮುಂದೆ ಧರ್ಮಸಂಕಟದ ಕಥೆಗಳನ್ನಿಟ್ಟರು. ಸಾಯುತ್ತಿರುವ ಹೆಂಡತಿಗಾಗಿ, ಕೊಳ್ಳಲಾಗದ ಔಷಧವನ್ನು ಗಂಡನು ಕದಿಯಬಹುದೇ? ಹೌದು, ಅಲ್ಲ ಎಂಬುದಕ್ಕಿಂತ ಬಾಲಕ ಕೊಡುವ ಕಾರಣ ಅವರಿಗೆ ಮುಖ್ಯವಾಗಿತ್ತು. ಶಿಕ್ಷೆಯ ಭಯದಿಂದ ಹೊರಟ ತರ್ಕ, ಪರರ ಮೆಚ್ಚುಗೆ ಮತ್ತು ಕಟ್ಟಳೆಯ ಗೌರವವನ್ನು ದಾಟಿ, ತತ್ತ್ವದತ್ತ ಏರುತ್ತದೆಂದು ಅವರು ಪ್ರತಿಪಾದಿಸಿದರು. ಬಾಲಕಿಯರನ್ನು ಕೇಳಿರಲೇ ಇಲ್ಲ! 1982ರಲ್ಲಿ ಕ್ಯಾರಲ್ ಗಿಲ್ಲಿಗನ್ ಈ ಲೋಪವನ್ನು ಎತ್ತಿ ತೋರಿದರು. ಇನ್ನೊಂದು ಕೊರತೆಯೂ ಇತ್ತು: ಉತ್ತರಿಸುವ ಬಾಲಕ ನೆಮ್ಮದಿಯಾಗಿ ಕುಳಿತಿದ್ದ, ಅವನನ್ನು ಕೆಣಕುವ ಗೆಳೆಯರು ಪಕ್ಕದಲ್ಲಿರಲಿಲ್ಲ.

1999ರಲ್ಲಿ ಜೇ ಗೀಡ್ ಮತ್ತು ಸಂಗಡಿಗರು, ಅದೇ ಮಕ್ಕಳ ಮೆದುಳನ್ನು ವರ್ಷಗಳ ಅಂತರದಲ್ಲಿ ಮತ್ತೆ ಮತ್ತೆ ಚಿತ್ರಿಸಿ ಕಂಡ ಸಂಗತಿಯನ್ನು ಪ್ರಕಟಿಸಿದರು. ಮುಂಭಾಗದ ಬೂದು ದ್ರವ್ಯವು ಹರೆಯದ ಹೊಸ್ತಿಲವರೆಗೆ ಹೆಚ್ಚಿ, ಅನಂತರ ಇಳಿಯುತ್ತದೆ. ಆವೇಗವನ್ನು ತಡೆಯುವ ಈ ಭಾಗವು ಪಕ್ವವಾಗುವುದು ಇಪ್ಪತ್ತು ದಾಟಿದ ಮೇಲೆಯೇ. ಸುಖದ ಸೆಳೆತಕ್ಕೆ ಓಗೊಡುವ ಭಾಗಗಳಾದರೋ ಅದಕ್ಕೆ ಮುನ್ನವೇ ಚುರುಕಾಗಿರುತ್ತವೆ. 2005ರಲ್ಲಿ ಗಾರ್ಡ್‌ನರ್ ಮತ್ತು ಸ್ಟೈನ್‌ಬರ್ಗ್ ಕಾರು ಓಡಿಸುವ ಒಂದು ಆಟದಿಂದ ಇದರ ಪರಿಣಾಮವನ್ನು ತೋರಿದರು. ಒಂಟಿಯಾಗಿ ಆಡುವಾಗ 13ರಿಂದ 16ರ ಹುಡುಗರಿಗೂ ವಯಸ್ಕರಿಗೂ ಹೆಚ್ಚಿನ ಅಂತರವಿರಲಿಲ್ಲ. ಗೆಳೆಯರು ನೋಡುತ್ತಿದ್ದಾಗ ವಯಸ್ಕರು ಬದಲಾಗಲಿಲ್ಲ. ಹುಡುಗರ ದುಸ್ಸಾಹಸ ಇಮ್ಮಡಿಗೂ ಮೀರಿತು. ಅವರ ಅರಿವೇನೂ ಆ ಕ್ಷಣದಲ್ಲಿ ಅಳಿದಿರಲಿಲ್ಲ.

ಭಾರತದಲ್ಲಿ 2000ದ ಬಾಲನ್ಯಾಯ ಕಾಯಿದೆ ಬಾಲಕರ ಮೇರೆಯನ್ನು 16ರಿಂದ 18ಕ್ಕೆ ಏರಿಸಿತ್ತು. 2012ರ ಡಿಸೆಂಬರಿನ ದೆಹಲಿ ಕೃತ್ಯದ ಆರೋಪಿಗಳಲ್ಲೊಬ್ಬನಿಗೆ 17 ವರ್ಷ. ಅವನಿಗೆ ಕಾಯಿದೆ ವಿಧಿಸಬಹುದಾಗಿದ್ದ ಗರಿಷ್ಠ ಅವಧಿ 3 ವರ್ಷ. ಮಗಳನ್ನು ಕಳೆದುಕೊಂಡವರಿಗೆ ಅದು ಅಲ್ಪವೆನಿಸಿದ್ದು ಸಹಜವೇ. 2015ರ ಕಾಯಿದೆ, ಘೋರ ಅಪರಾಧಗಳಲ್ಲಿ 16 ತುಂಬಿದವರನ್ನು ವಯಸ್ಕರಂತೆ ವಿಚಾರಿಸಲು ಆಸ್ಪದವಿತ್ತಿತು. ಅದಕ್ಕೆ ಮುನ್ನ ಬಾಲನ್ಯಾಯ ಮಂಡಳಿ ಅವನ ಮಾನಸಿಕ, ದೈಹಿಕ ಸಾಮರ್ಥ್ಯವನ್ನೂ ಪರಿಣಾಮವನ್ನು ಅರಿಯುವ ಶಕ್ತಿಯನ್ನೂ ಪರಿಶೀಲಿಸಬೇಕು. ಅರಿಯುವ ಶಕ್ತಿ: 1860ರ ಅದೇ ಅಳತೆಗೋಲು! ಅಳೆಯುವುದೂ ಕೃತ್ಯ ನಡೆದು ಬಹುದಿನಗಳ ಮೇಲೆ, ಗೆಳೆಯರಿಲ್ಲದ ಕೊಠಡಿಯಲ್ಲಿ. ಈ ಕೆಲಸ ಸೂಕ್ಷ್ಮವಾದುದು, ಮನಶ್ಶಾಸ್ತ್ರಜ್ಞರ ನೆರವು ಅಗತ್ಯ ಎಂದು ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ಹೇಳಿತು.